ಪಿನ್ ಕೈಕೊಟ್ಟಿದೆ, ಪಾಸ್‌ವರ್ಡ್ ಮರೆತಿದೆ. ಫೈಲ್ ಹೋಗದ ಹಾಗೆ ಒಳಗೆ ಹೋಗೋದು ಹೇಗೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಿ ಟೈಪ್ ಮಾಡುತ್ತಿರುವುದರಿಂದ ಕಾಗುಣಿತ ತಪ್ಪಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪು ಹುಡುಕುವುದೇ ನನ್ನ ಕಸುಬು, ಹಾಗಾಗಿ ಇದನ್ನು ಹೇಳಲು ನಾಚಿಕೆ.

ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುತ್ತೇನೆ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ಎರಡು ವರ್ಷದ ಹಿಂದೆ ಮಗ ಬಂದಾಗ ಪಕ್ಕದಲ್ಲಿ ಕೂತು ಎಲ್ಲ ಸೆಟ್ ಮಾಡಿಕೊಟ್ಟು ಹೋದ. ಅವತ್ತಿನಿಂದ ನಾಲ್ಕು ಅಂಕಿಯ ಪಿನ್ ಒತ್ತಿದರೆ ಆಯಿತು, ತೆರೆದುಕೊಳ್ಳುತ್ತಿತ್ತು. ಪಾಸ್‌ವರ್ಡ್ ಅಂತ ಬೇರೆ ಒಂದಿದೆ ಅನ್ನುವುದೇ ತಲೆಯಿಂದ ಹೋಗಿತ್ತು.

ಸೋಮವಾರ ಬೆಳಗ್ಗೆ ನೋಡಿದರೆ ಯಾವುದೋ ಅಪ್‌ಡೇಟ್ ಆಗಿ ರಾತ್ರಿಯೇ ರೀಸ್ಟಾರ್ಟ್ ಆಗಿದೆ. ಪಿನ್ ಹಾಕುವ ಜಾಗದಲ್ಲಿ, ಏನೋ ಆಗಿದೆ, ನಿಮ್ಮ ಪಿನ್ ಸಿಗುತ್ತಿಲ್ಲ, ಮತ್ತೆ ಸೆಟ್ ಮಾಡಿ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಅದನ್ನು ಒತ್ತಿದರೆ ಇಂಟರ್ನೆಟ್ ಇಲ್ಲ ಅಂತ ಏನೋ ಗೊಣಗಿ ಸುಮ್ಮನಾಗುತ್ತದೆ. ಪಕ್ಕದಲ್ಲೇ ಒಂದು ಕೀಲಿಯ ಚಿತ್ರ ಇತ್ತು, ಒತ್ತಿದೆ. ಪಾಸ್‌ವರ್ಡ್ ಕೇಳಿತು.

ಇಲ್ಲಿ ನನ್ನ ಪುರಾಣ ಶುರು. ಪಾಸ್‌ವರ್ಡ್ ಪೂರ್ತಿ ಮರೆತಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅರ್ಧ ನೆನಪಿದೆ. ಒಂದು ಹೂವಿನ ಹೆಸರು, ಕನ್ನಡದ್ದು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ಕೊನೆಗೆ ಎರಡು ಅಂಕಿ. ಆದರೆ ದೀರ್ಘಕ್ಕೆ ಒಂದು 'ಎ' ಹಾಕಿದ್ದೆನೋ ಎರಡು ಹಾಕಿದ್ದೆನೋ ಗೊತ್ತಿಲ್ಲ. ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಗೊತ್ತಿಲ್ಲ. ತಿರುಗಿಸಿ ಮುರುಗಿಸಿ ಹಾಕುತ್ತಾ ಹೋದೆ. ನಡುವೆ ಒಮ್ಮೆ ಅದೇ ಬೀಗ ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬಾ ಅಂದಿತು.

ಹಾಗಂತ ನಾನು ಬರೆದಿಟ್ಟುಕೊಳ್ಳದವಳಲ್ಲ. ಡೈರಿ ತೆಗೆದು ನೋಡಿದೆ. "ಲ್ಯಾಪ್‌ಟಾಪ್: ಅದೇ ಹೂವು + ಆ ವರ್ಷ" ಅಂತ ನನ್ನದೇ ಕೈಬರಹ. ಕಳ್ಳರಿಗೆ ತಿಳಿಯಬಾರದು ಅಂತ ಜಾಣತನ ಮಾಡಿದ್ದೆ. ನನಗೂ ತಿಳಿಯಲಿಲ್ಲ.

ಒಳಗೆ 212 ಪುಟ ತಿದ್ದಿ ಮುಗಿಸಿದ ಕರಡು ಇದೆ, ಇನ್ನೂ ಕಳಿಸಿಲ್ಲ. ಅದು ಹೋದರೆ ಇನ್ನೊಮ್ಮೆ ಕೂತು ಮಾಡಬಹುದು. ಅಮ್ಮ ಹೇಳಿದ ಕತೆಗಳನ್ನು ರೆಕಾರ್ಡ್ ಮಾಡಿದ ಹದಿನೇಳು ಫೈಲ್‌ಗಳೂ ಇವೆ. ಅಮ್ಮ ಈಗ ಇಲ್ಲ. ಅವುಗಳ ಇನ್ನೊಂದು ಪ್ರತಿ ಎಲ್ಲೂ ಇಲ್ಲ.

ಪರಿಚಯದ ಹುಡುಗನೊಬ್ಬ ಬಂದು ನೋಡಿ, "ಫಾರ್ಮ್ಯಾಟ್ ಹೊಡೆದುಬಿಡೋಣ ಆಂಟಿ, ಅರ್ಧ ಗಂಟೆ ಕೆಲಸ" ಅಂದ. ಇನ್ನೊಬ್ಬರು ಒಂದು ವಿಡಿಯೋ ಕಳಿಸಿದ್ದಾರೆ, ಅದರಲ್ಲಿ ಕಪ್ಪು ಪರದೆಯಲ್ಲಿ ಏನೇನೋ ಟೈಪ್ ಮಾಡಿ ಬಾಗಿಲು ತೆಗೆಯುತ್ತಾರೆ. ಎರಡಕ್ಕೂ ಧೈರ್ಯ ಬರುತ್ತಿಲ್ಲ. ಫೈಲ್‌ಗಳು ಉಳಿಯುವ ದಾರಿ ಇದೆಯಾ?

ಕೀಲಿಮಣೆ

ಮೇಡಂ, ಮೊದಲು ಒಂದು ಮಾತು. ಪಾಸ್‌ವರ್ಡಿನ ಸುಳಿವನ್ನು ಹೀಗೆ ಎಲ್ಲರ ಮುಂದೆ ಬರೆಯಬೇಡಿ. ಹೂವು ಅಂದಿರಿ, ಎರಡು ಅಂಕಿ ಅಂದಿರಿ. ನಿಮ್ಮ ಇಲ್ಲಿನ ಹೆಸರಿನ ಹೂವೇ ಅಲ್ಲ ತಾನೇ?

ಇನ್ನು ವಿಷಯಕ್ಕೆ. ಬೇರೆ ಏನು ಮಾಡುವ ಮೊದಲೂ ಪಾಸ್‌ವರ್ಡ್ ಹಾಕುವ ಡಬ್ಬಿಯ ಬಲತುದಿಯಲ್ಲಿ ಬರುವ ಕಣ್ಣಿನ ಚಿತ್ರ ಒತ್ತಿ ಹಿಡಿದು, ನಿಜವಾಗಿ ಏನು ಬೀಳುತ್ತಿದೆ ಅಂತ ನೋಡಿ. ಕ್ಯಾಪ್ಸ್ ಲಾಕ್ ಬಿಡಿ, ಅದನ್ನು ಎಲ್ಲರೂ ನೋಡುತ್ತಾರೆ. ಕಳ್ಳ ಇರುವುದು ಬೇರೆ ಕಡೆ.

ನನಗೆ ಆದದ್ದು ಹೇಳುತ್ತೇನೆ. ಪಾಸ್‌ವರ್ಡಿನಲ್ಲಿ @ ಇತ್ತು. ಎರಡು ದಿನ ಒದ್ದಾಡಿದೆ, ಸರಿಯಾದ ಪಾಸ್‌ವರ್ಡನ್ನೇ ತಪ್ಪು ಅನ್ನುತ್ತಿತ್ತು. ಕೊನೆಗೆ ಕಣ್ಣು ಒತ್ತಿ ನೋಡಿದರೆ @ ಇರಬೇಕಾದ ಕಡೆ ಉದ್ಧರಣ ಚಿಹ್ನೆ ಕೂತಿದೆ! ಕೀಬೋರ್ಡ್ ಭಾಷೆ ಹೇಗೋ ಬ್ರಿಟನ್ ಇಂಗ್ಲಿಷ್‌ಗೆ ಹೋಗಿತ್ತು. ಅದರಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ @ ಬರಲ್ಲ, " ಬರುತ್ತದೆ. ಪರದೆಯ ಕೆಳಗೆ ಬಲ ಮೂಲೆಯಲ್ಲಿ ಭಾಷೆಯ ಹೆಸರು ಮೂರಕ್ಷರದಲ್ಲಿ ಇರುತ್ತದೆ, ಅಲ್ಲಿ ಬದಲಿಸಿದೆ, ಒಂದೇ ಸಲಕ್ಕೆ ಒಳಗೆ ಹೋದೆ. ನೀವು ಕನ್ನಡ ಟೈಪ್ ಮಾಡುವವರು, ನಿಮಗೆ ಇದು ಆಗುವ ಸಾಧ್ಯತೆ ಇನ್ನೂ ಜಾಸ್ತಿ.

ಒಂದು ಕೀ ಕೆಟ್ಟಿದ್ದರೂ ಹೀಗೇ ಆಗುತ್ತದೆ. ಅನುಮಾನ ಇದ್ದರೆ ಅದೇ ಮೂಲೆಯಲ್ಲಿ ಮನುಷ್ಯನ ಆಕೃತಿಯ ಚಿತ್ರ ಇದೆಯಲ್ಲ, ಅದರಲ್ಲಿ ಪರದೆ ಮೇಲಿನ ಕೀಬೋರ್ಡ್ ತೆಗೆದು ಮೌಸಿನಿಂದ ಒತ್ತಿ ನೋಡಿ.

ಹಳೆಮೌಸ್

ಫಾರ್ಮ್ಯಾಟ್ ಹೊಡೆಯೋಣ ಅಂದ ಹುಡುಗನನ್ನು ಸದ್ಯಕ್ಕೆ ಲ್ಯಾಪ್‌ಟಾಪ್ ಹತ್ತಿರ ಬಿಡಬೇಡಿ. ಅವಸರ ಬೇಡ. ನಿಮ್ಮ ಫೈಲ್‌ಗಳು ಇದ್ದಲ್ಲೇ ಇವೆ. ಪಾಸ್‌ವರ್ಡ್ ಮರೆತ ಮಾತ್ರಕ್ಕೆ ಒಂದಕ್ಷರವೂ ಅಳಿಸಿಹೋಗಲ್ಲ. ಅಳಿಸುವುದು ಆಮೇಲೆ ನಾವು ಗಾಬರಿಯಲ್ಲಿ ಮಾಡುವ ಕೆಲಸ.

ನನ್ನ ಮೊದಲ ಪ್ರಶ್ನೆ: ನಿಮ್ಮದು ಮೈಕ್ರೋಸಾಫ್ಟ್ ಅಕೌಂಟಾ, ಆ ಕಂಪ್ಯೂಟರಿಗೆ ಮಾತ್ರ ಸೇರಿದ ಲೋಕಲ್ ಅಕೌಂಟಾ? ಗೊತ್ತಿಲ್ಲ ಅಂತಲೇ ಹೇಳುತ್ತೀರಿ, ಎಲ್ಲರೂ ಹಾಗೇ ಹೇಳುತ್ತಾರೆ. ತಿಳಿಯುವುದು ಸುಲಭ. ಬೇಕಂತಲೇ ಒಂದು ಸಲ ತಪ್ಪು ಪಾಸ್‌ವರ್ಡ್ ಹಾಕಿ, ಕೆಳಗೆ ಬರುವ ಸಾಲನ್ನು ಪೂರ್ತಿ ಓದಿ. "ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡನ್ನೇ ಹಾಕುತ್ತಿದ್ದೀರಾ ನೋಡಿ" ಅನ್ನುವ ಹಾಗೆ ಇದ್ದರೆ ಮೈಕ್ರೋಸಾಫ್ಟ್ ಅಕೌಂಟ್. ಬರೀ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ ಅಂತ ಇದ್ದರೆ ಲೋಕಲ್.

ಮೈಕ್ರೋಸಾಫ್ಟ್ ಅಕೌಂಟ್ ಆದರೆ ನಿಮ್ಮ ಬೀಗದ ಕೈ ಲ್ಯಾಪ್‌ಟಾಪಿನಲ್ಲಿ ಇಲ್ಲ, ಆನ್‌ಲೈನ್‌ನಲ್ಲಿದೆ. ಫೋನಿನ ಬ್ರೌಸರಿನಲ್ಲಿ ಅಕೌಂಟ್ ಡಾಟ್ ಲೈವ್ ಡಾಟ್ ಕಾಮ್‌ಗೆ ಹೋಗಿ ಪಾಸ್‌ವರ್ಡ್ ಮರೆತಿದೆ ಅನ್ನಿ. ಅಕೌಂಟಿಗೆ ಕೊಟ್ಟಿದ್ದ ಇನ್ನೊಂದು ಇಮೇಲ್ ಅಥವಾ ಫೋನ್ ನಂಬರಿಗೆ ಕೋಡ್ ಬರುತ್ತದೆ. ಪೂರ್ತಿ ತೋರಿಸಲ್ಲ, ಚುಕ್ಕಿ ಹಾಕಿ ಮೊದಲ ಒಂದೆರಡು ಅಕ್ಷರ ಅಥವಾ ಕೊನೆಯ ಅಂಕಿಗಳನ್ನು ತೋರಿಸುತ್ತದೆ, ಉಳಿದದ್ದನ್ನು ನೀವೇ ತುಂಬಬೇಕು.

ಲೋಕಲ್ ಆದರೆ ದಾರಿಗಳು ಬೇರೆ. ವಿಂಡೋಸ್ 10ರ 2018ರ ಏಪ್ರಿಲ್ ಅಪ್‌ಡೇಟಿನ ನಂತರ ಮಾಡಿದ ಲೋಕಲ್ ಅಕೌಂಟುಗಳಿಗೆ ಮೂರು ಭದ್ರತಾ ಪ್ರಶ್ನೆ ಇರುತ್ತವೆ. ಪಾಸ್‌ವರ್ಡ್ ತಪ್ಪಾದಾಗ ಕೆಳಗೆ ರೀಸೆಟ್ ಅನ್ನೋ ಕೊಂಡಿ ಬರುತ್ತದೆ, ಉತ್ತರ ಕೊಟ್ಟರೆ ಆಯಿತು. ಮೊದಲೇ ಪೆನ್‌ಡ್ರೈವಿನಲ್ಲಿ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಟ್ಟಿದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಒಮ್ಮೆ ಮಾಡಿಟ್ಟರೆ ಸಾಕು, ಆಮೇಲೆ ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೂ ಅದೇ ಡಿಸ್ಕ್ ನಡೆಯುತ್ತದೆ. ಆದರೆ ಅದನ್ನು ಮಾಡಿಟ್ಟವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ, ನನ್ನನ್ನೂ ಸೇರಿಸಿ.

ಅದೇ ಕಂಪ್ಯೂಟರಿನಲ್ಲಿ ಇನ್ನೊಬ್ಬರ ಅಡ್ಮಿನ್ ಅಕೌಂಟ್ (ಬೇರೆಯವರ ಅಕೌಂಟನ್ನೂ ಬದಲಿಸುವ ಅಧಿಕಾರ ಇರುವುದು) ಇದ್ದರೆ ಅವರು ಒಳಗೆ ಹೋಗಿ ಲೋಕಲ್ ಅಕೌಂಟಿನ ಪಾಸ್‌ವರ್ಡ್ ಬದಲಿಸಬಹುದು. ಇಲ್ಲಿ ಸ್ವಲ್ಪ ನಿಲ್ಲಿ, ಇದನ್ನು ಯಾವ ವಿಡಿಯೋದವರೂ ಹೇಳಲ್ಲ. ಪಾಸ್‌ವರ್ಡ್ ಬರೀ ಬಾಗಿಲಿನ ಬೀಗ ಅಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ವಿಂಡೋಸಿನಲ್ಲೇ ಗೂಢಲಿಪಿ ಮಾಡಿಟ್ಟ ಫೈಲುಗಳು, ಇವುಗಳಿಗೆ ಹಾಕಿರುವ ಬೀಗವೂ ಅದೇ ಪಾಸ್‌ವರ್ಡಿನಿಂದ ತಯಾರಾಗಿರುತ್ತದೆ. ಹಳೆಯದನ್ನು ಹೇಳಿ ನೀವೇ ಹೊಸದಕ್ಕೆ ಬದಲಿಸಿದರೆ ವಿಂಡೋಸ್ ಒಳಗಿನ ಬೀಗಗಳನ್ನೂ ಹೊಸದಕ್ಕೆ ಹೊಂದಿಸುತ್ತದೆ. ಹೊರಗಿನವರು ಬಲವಂತದಿಂದ ಬದಲಿಸಿದರೆ ಹೊಂದಿಸಲ್ಲ. ಬಾಗಿಲು ಒಡೆದು ಮನೆಯೊಳಗೆ ಹೋದಿರಿ, ಬೀರು ಹಾಗೇ ಮುಚ್ಚಿದೆ. ಕೀ ಹಳೆಯ ಬಾಗಿಲಿನ ಜೊತೆಗೇ ಹೋಯಿತು. ಮಾಮೂಲಿ ಫೋಟೋ, ಕರಡು, ಆಡಿಯೋ ಫೈಲ್‌ಗಳಿಗೆ ಇದರಿಂದ ತೊಂದರೆ ಇಲ್ಲ, ಅವು ಬೀರುವಿನ ಹೊರಗೆ ಇರುತ್ತವೆ.

ನಿಮ್ಮ ಆ ಕಪ್ಪು ಪರದೆಯ ವಿಡಿಯೋ ಮಾಡುವುದೂ ಈ ಬಲವಂತವನ್ನೇ. ಅದೂ ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ನಡೆಯಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇಡೀ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್, ಅಂದರೆ ಗೂಢಲಿಪಿ, ಆಗಿರುತ್ತದೆ, ನಮಗೆ ಗೊತ್ತೇ ಇರಲ್ಲ. ಹೊರಗಿನಿಂದ ಕೈ ಹಾಕಲು ಹೋದರೆ ನೀಲಿ ಪರದೆ ಬಂದು 48 ಅಂಕಿಯ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗದ ಹೆಸರು) ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಏನೂ ಸಿಗಲ್ಲ. ಎನ್‌ಕ್ರಿಪ್ಟ್ ಆಗಿಲ್ಲ ಅಂದರೆ ಸಮಾಧಾನದ ದಾರಿ ಒಂದಿದೆ. ಪೆನ್‌ಡ್ರೈವಿನಿಂದ ವಿಂಡೋಸ್ ಬದಲು ಲಿನಕ್ಸ್ ಶುರು ಮಾಡಿ, ಪಾಸ್‌ವರ್ಡ್ ಗೋಜಿಗೇ ಹೋಗದೆ ಫೈಲುಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು.

ಇನ್ನೊಂದು. ಹಳೆಯ ಪಾಸ್‌ವರ್ಡನ್ನು "ಹೊರಗೆ ತೆಗೆದುಕೊಡುತ್ತೇವೆ" ಅನ್ನುವ ಸಾಫ್ಟ್‌ವೇರುಗಳಿಗೆ ದುಡ್ಡು ಕೊಡಬೇಡಿ. ಪಾಸ್‌ವರ್ಡ್ ಕಂಪ್ಯೂಟರಿನಲ್ಲಿ ಇದ್ದ ಹಾಗೇ ಬರೆದಿಟ್ಟಿರಲ್ಲ. ಅದನ್ನು ಲೆಕ್ಕಕ್ಕೆ ಹಾಕಿ ಬಂದ ಹ್ಯಾಶ್ ಮಾತ್ರ ಇರುತ್ತದೆ. ಬೂದಿ ನೋಡಿ ಕಾಗದದಲ್ಲಿ ಏನು ಬರೆದಿತ್ತು ಅಂತ ಹೇಳಲು ಆಗಲ್ಲವಲ್ಲ, ಹಾಗೆ. ಅವರು ಮಾಡುವುದು ಒಂದೊಂದೇ ಊಹೆ ಹಾಕಿ ನೋಡುವ ಕೆಲಸ, ಇಲ್ಲವೇ ಸುಮ್ನೆ ರೀಸೆಟ್.

ಸಂಜೆಮಲ್ಲಿಗೆ

ಇಬ್ಬರಿಗೂ ಧನ್ಯವಾದ. ಕಣ್ಣು ಒತ್ತಿ ನೋಡಿದೆ, ಕೀಬೋರ್ಡ್ ಸರಿಯಾಗೇ ಇದೆ. ತಪ್ಪಿರುವುದು ನಾನೇ.

ಹಳೆಮೌಸ್ ಸರ್, ಸಾಲನ್ನು ಪೂರ್ತಿ ಓದಿ ಅಂದಿರಲ್ಲ, ಅದು ಚುಚ್ಚಿತು. ಪೂರ್ತಿ ಸಾಲು ಓದದವರ ಮೇಲೆ ದಿನವೂ ಸಿಡುಕುವವಳು ನಾನು. ನನ್ನ ಪರದೆಯ ಮೇಲೆ ನಾಲ್ಕು ದಿನದಿಂದ "ಮೈಕ್ರೋಸಾಫ್ಟ್ ಅಕೌಂಟ್" ಅಂತ ಬರುತ್ತಲೇ ಇದೆ, ನಾನು 'ತಪ್ಪು' ಅನ್ನುವ ಪದಕ್ಕೇ ನಿಂತುಬಿಡುತ್ತಿದ್ದೆ.

ಮಗನಿಗೆ ಫೋನ್ ಮಾಡಿದೆ. ನನ್ನ ಇಮೇಲಿನಲ್ಲೇ ಅಕೌಂಟ್ ಮಾಡಿದ್ದನಂತೆ. ನಂಬರ್ ಕೊಟ್ಟದ್ದು ನನ್ನ ಹಳೆಯ ಸಿಮ್ಮಿನದು. ಆ ಸಿಮ್ ಈಗ ಇಲ್ಲ! ಇನ್ನೊಂದು ಇಮೇಲ್ ಕೊಟ್ಟ ನೆನಪು ಅವನಿಗೆ ಇಲ್ಲ. ಕೋಡ್ ಎಲ್ಲಿಗೂ ಬರದಿದ್ದರೆ ಏನು ಗತಿ?

ಹಳೆಮೌಸ್

ಪುಟಕ್ಕೆ ಹೋಗಿ ನೋಡದೆ ಗತಿಯ ಮಾತು ಬೇಡ. ನಂಬರಿನ ಜೊತೆ ಇಮೇಲೂ ಇರಬಹುದು. ಏನೂ ಇಲ್ಲ ಅಂದರೆ ರಿಕವರಿ ಫಾರ್ಮ್ ಇದೆ. ಹಳೆಯ ಪಾಸ್‌ವರ್ಡುಗಳು, ಯಾರಿಗೆ ಮೇಲ್ ಕಳಿಸಿದ್ದಿರಿ, ಅಂಥದ್ದೆಲ್ಲ ಕೇಳುತ್ತದೆ. ನೆನಪಿದ್ದಷ್ಟು ತುಂಬಬೇಕು. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆ ಕೋಡನ್ನೂ ಕೇಳುವುದು) ಆನ್ ಇದ್ದರೆ ಮಾತ್ರ ಆ ಫಾರ್ಮ್ ನಡೆಯಲ್ಲ. ಹಳೆಯ ನಂಬರು, ಇಮೇಲು ಎಲ್ಲ ತೆಗೆದು ಹೊಸದು ಕೊಟ್ಟರೆ 30 ದಿನ ಕಾಯಿಸುತ್ತದೆ. ಬೇರೆ ಯಾರೋ ನಿಮ್ಮ ಅಕೌಂಟ್ ಕದಿಯುತ್ತಿದ್ದರೆ ನಿಮಗೆ ತಿಳಿಯಲಿ ಅಂತ.

ಬಿಳಿಹಾಳೆ

ಮೇಡಂ ಕೆಲಸ ಆಗುವವರೆಗೆ, ಇದನ್ನು ಓದುವ ಬೇರೆಯವರಿಗೆ ಎರಡು ಮಾತು.

ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದ್ದರೆ ಶುರುವಾಗುವಾಗ ಬರುವ ಗ್ರಬ್ ಅನ್ನೋ ಮೆನು ತೆಗೆದು ರಿಕವರಿ ಮೋಡಿನಲ್ಲಿ ರೂಟ್ ಆಯ್ಕೆ ಮಾಡಿ, ಡಿಸ್ಕನ್ನು ಬರೆಯಲು ಆಗುವ ಹಾಗೆ ಮತ್ತೆ ಮೌಂಟ್ ಮಾಡಿ, ಪಾಸ್‌ವರ್ಡ್ ಬದಲಿಸಬಹುದು. ಆಮೇಲೂ ಉಳಿಸಿದ ಪಾಸ್‌ವರ್ಡುಗಳನ್ನು ಇಡುವ ಕೀರಿಂಗ್ ಅನ್ನುವುದು ಹಳೆಯ ಪಾಸ್‌ವರ್ಡನ್ನೇ ಕೇಳುತ್ತಿರುತ್ತದೆ. ಹಳೆಮೌಸ್ ಹೇಳಿದ ಬೀರು ಅದೇ. ಮ್ಯಾಕ್‌ನಲ್ಲಿ ಅದರ ಹೆಸರು ಕೀಚೈನ್. ಡಿಸ್ಕೇ ಲಕ್ಸ್‌ನಲ್ಲಿ (ಲಿನಕ್ಸಿನ ಡಿಸ್ಕ್ ಬೀಗ) ಎನ್‌ಕ್ರಿಪ್ಟ್ ಆಗಿದ್ದು ಆ ಪಾಸ್‌ವರ್ಡ್ ಮರೆತರೆ ಯಾವ ರಿಕವರಿ ಮೋಡೂ ಉಪಯೋಗಕ್ಕಿಲ್ಲ.

ವಿಂಡೋಸ್ ಪಿನ್ ಬಗ್ಗೆ ಒಂದು. ಹಲವು ಸಲ ತಪ್ಪು ಒತ್ತಿದರೆ ಅದು ಎ1ಬಿ2ಸಿ3 ಅಂತ ಟೈಪ್ ಮಾಡಿ ಅನ್ನುತ್ತದೆ. ಬೆಕ್ಕೋ ಮಗುವೋ ಒತ್ತುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅಷ್ಟೇ. ನಮ್ಮ ಮಾವ ಅದೇ ಹೊಸ ಪಿನ್ ಅಂದುಕೊಂಡು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡಿದ್ದರು.

ಸಂಜೆಮಲ್ಲಿಗೆ

ಒಳಗೆ ಬಂದೆ! ಈಗ ಲ್ಯಾಪ್‌ಟಾಪಿನಿಂದಲೇ ಬರೆಯುತ್ತಿದ್ದೇನೆ. ಆದದ್ದನ್ನು ಕ್ರಮವಾಗಿ ಹೇಳಲೇಬೇಕು, ಯಾಕೆಂದರೆ ನೀವು ಹೇಳಿದ ಹಾಗೂ ಆಗಲಿಲ್ಲ, ನಾನು ಅಂದುಕೊಂಡ ಹಾಗೂ ಆಗಲಿಲ್ಲ.

ಫೋನಿನಲ್ಲಿ ರೀಸೆಟ್ ಪುಟ ತೆಗೆದೆ. ಸತ್ತ ಸಿಮ್ಮಿನ ಕೊನೆಯ ಎರಡು ಅಂಕಿ ಕಂಡಿತು. ಅದರ ಕೆಳಗೆ ಒಂದು ಇಮೇಲ್, ಮೊದಲ ಎರಡಕ್ಷರ ಬಿಟ್ಟು ಉಳಿದದ್ದೆಲ್ಲ ಚುಕ್ಕಿ. ಮಗನದೇ! ಅವನು ಕಾಲೇಜಿನಲ್ಲಿದ್ದಾಗ ಮಾಡಿದ್ದ ಹಳೆಯ ಇಮೇಲ್. ಅವನೇ ಮರೆತಿದ್ದ. ಅದರ ಪಾಸ್‌ವರ್ಡ್ ನೆನಪು ಮಾಡಿಕೊಳ್ಳಲು ಅವನಿಗೆ ಇಪ್ಪತ್ತು ನಿಮಿಷ ಬೇಕಾಯಿತು. ತಾಯಿಯಂತೆ ಮಗ. ಕೋಡ್ ಓದಿ ಹೇಳಿದ, ಹಾಕಿದೆ, ಹೊಸ ಪಾಸ್‌ವರ್ಡ್ ಕೊಡಿ ಅಂದಿತು.

ಇಲ್ಲಿ ಒಂದು ಹಟ ಬಂತು. ಅಷ್ಟು ದಿನ ಹುಡುಕಿದ ಹೂವನ್ನು ಬಿಡಲು ಮನಸ್ಸಾಗಲಿಲ್ಲ. ಹೊಸದಾಗಿಯೂ ಅದನ್ನೇ ಇಡೋಣ, ಈ ಸಲ ಸರಿಯಾಗಿ ಬರೆದಿಟ್ಟುಕೊಳ್ಳೋಣ ಅಂತ ಟೈಪ್ ಮಾಡಿದೆ. ಅದು ಒಪ್ಪಲಿಲ್ಲ. ಈ ಪಾಸ್‌ವರ್ಡನ್ನು ನೀವು ಮೊದಲೇ ಬಳಸಿದ್ದೀರಿ, ಬೇರೆ ಕೊಡಿ ಅಂದಿತು.

ಎರಡು ಸಲ ಓದಿದೆ. ಪೂರ್ತಿ ಸಾಲು. ಆಮೇಲೆ ಹೊಳೆಯಿತು, ಅಂದರೆ ಇದೇ ನನ್ನ ಹಳೆಯ ಪಾಸ್‌ವರ್ಡ್! ಇದೇ ಕಾಗುಣಿತ! ಪಕ್ಕದ ಕಾಗದದಲ್ಲಿ ಅದನ್ನು ಒಂದೊಂದೇ ಅಕ್ಷರವಾಗಿ ಬರೆದುಕೊಂಡೆ. ಆಮೇಲೆ ಬೇರೆ ಪಾಸ್‌ವರ್ಡ್ ಕೊಟ್ಟು ರೀಸೆಟ್ ಮುಗಿಸಿದೆ.

ಲ್ಯಾಪ್‌ಟಾಪ್ ಮುಂದೆ ಕೂತು ಹೊಸದನ್ನು ಹಾಕಿದೆ. ತೆಗೆಯಲಿಲ್ಲ. ಕೈಕಾಲು ತಣ್ಣಗಾಯಿತು. ಈ ಸಲ ಸಾಲು ಓದಿದೆ: ನಿಮ್ಮ ಸಾಧನ ಆಫ್‌ಲೈನ್ ಆಗಿದೆ, ಈ ಸಾಧನದಲ್ಲಿ ಕೊನೆಯ ಸಲ ಬಳಸಿದ ಪಾಸ್‌ವರ್ಡ್ ಹಾಕಿ. ಹೋದ ವಾರ ಮನೆಯ ರೂಟರ್ ಬದಲಾಗಿತ್ತು. ಫೋನಿಗೆ ಹೊಸ ವೈಫೈ ಹಾಕಿಕೊಂಡಿದ್ದೆ, ಲ್ಯಾಪ್‌ಟಾಪಿಗೆ ಹಾಕಿರಲಿಲ್ಲ. ಮೊದಲ ದಿನವೇ ಅದು ಇಂಟರ್ನೆಟ್ ಇಲ್ಲ ಅಂತ ಗೊಣಗಿದ್ದು ಇದಕ್ಕೇ. ನಾನೇ ಇಲ್ಲಿ ಬರೆದಿದ್ದೆ, ನಾನೂ ನೋಡಲಿಲ್ಲ, ನೀವೂ ನೋಡಲಿಲ್ಲ.

ಕಾಗದ ತೆಗೆದುಕೊಂಡು ಹಳೆಯದನ್ನು ಹಾಕಿದೆ. ತೆರೆಯಿತು.

ಆಮೇಲೆ ವೈಫೈ ಹಾಕಿದೆ, ಹೊಸ ಪಾಸ್‌ವರ್ಡ್ ಕೇಳಿತು, ಕೊಟ್ಟೆ, ಪಿನ್ ಮತ್ತೆ ಸೆಟ್ ಆಯಿತು. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳೂ ಇವೆ, ಬೀರು ಗಟ್ಟಿಯಾಗಿದೆ. ಮೊದಲು ಮಾಡಿದ ಕೆಲಸ ಹದಿನೇಳು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿದ್ದು. ಬಂದಿದೆಯಾ ಅಂತ ನೋಡಲು ಒಂದನ್ನು ತೆಗೆದೆ, ಪೂರ್ತಿ ಕೇಳುತ್ತಾ ಕೂತುಬಿಟ್ಟೆ. ಕರಡು ಕಳಿಸಿದ್ದು ಸಂಜೆಗೆ.

ಹೂವು ಯಾವುದು ಅಂತ ಈಗ ಹೇಳಬಹುದು, ಬದಲಾಗಿದೆ. ಪಾರಿಜಾತ. 'ಪಾ'ಗೆ ಒಂದು 'ಎ', 'ಜಾ'ಗೆ ಎರಡು 'ಎ', 'ತ'ಗೆ 'ಟಿ' ಮುಂದೆ 'ಎಚ್'. ಎಂಥ ಕಾಗುಣಿತ ಇದು! ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಶಾಯಿ ಸುರಿಸುತ್ತಿದ್ದೆ. ಲೆಕ್ಕ ಹಾಕಿದೆ: ಎರಡು ದೀರ್ಘ, ಒಂದು 'ತ', ಮೊದಲಕ್ಷರ ದೊಡ್ಡದೋ ಚಿಕ್ಕದೋ, ಒಟ್ಟು 16 ರೂಪ. ಎರಡು ದೀರ್ಘಗಳನ್ನು ಎರಡು ಥರ ಬರೆದಿರುತ್ತೇನೆ ಅಂತ ಊಹಿಸಲೇ ಇಲ್ಲ, ಹಾಗಾಗಿ ಅರ್ಧ ರೂಪಗಳನ್ನು ಮುಟ್ಟಿಯೇ ಇರಲಿಲ್ಲ.

ಇನ್ನು ಮುಂದೆ ಇದನ್ನೆಲ್ಲ ಹೇಗೆ ಇಟ್ಟುಕೊಳ್ಳುವುದು? ನೀವೆಲ್ಲ ಹೇಗೆ ಮಾಡುತ್ತೀರಿ?

ಕೀಲಿಮಣೆ

ಮೊದಲೇ ಬಳಸಿದ್ದೀರಿ ಅಂತ ಅದೇ ಚಾಡಿ ಹೇಳಿತಾ! ನಕ್ಕೂ ನಕ್ಕೂ ಸಾಕಾಯಿತು ಮೇಡಂ.

ನನ್ನ ಮತ ಪಾಸ್‌ವರ್ಡ್ ಮ್ಯಾನೇಜರಿಗೆ, ಅಂದರೆ ಪಾಸ್‌ವರ್ಡುಗಳನ್ನೆಲ್ಲ ಬೀಗ ಹಾಕಿ ಇಡುವ ಸಾಫ್ಟ್‌ವೇರಿಗೆ. ಬಿಟ್‌ವಾರ್ಡನ್ ಇದೆ, ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ಇರಲಿ ಅನ್ನುವವರಿಗೆ ಕೀಪಾಸ್‌ಎಕ್ಸ್‌ಸಿ ಇದೆ. ನೂರು ಪಾಸ್‌ವರ್ಡ್ ಅದಕ್ಕೆ ಬಿಟ್ಟು ಒಂದನ್ನು ನೆನಪಿಟ್ಟರೆ ಆಯಿತು. ಡೈರಿ ಬೇಡ, ಯಾರ ಕೈಗಾದರೂ ಸಿಗುತ್ತದೆ.

ಹಳೆಮೌಸ್

ಮ್ಯಾನೇಜರ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಲ್ಯಾಪ್‌ಟಾಪಿನ ಪಾಸ್‌ವರ್ಡನ್ನು ಲ್ಯಾಪ್‌ಟಾಪಿನೊಳಗಿನ ಮ್ಯಾನೇಜರಿನಲ್ಲಿ ಮಾತ್ರ ಇಟ್ಟರೆ ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಫೋನಿನಲ್ಲೂ ಇರಬೇಕು. ಮ್ಯಾನೇಜರಿನ ಪಾಸ್‌ವರ್ಡ್, ಲ್ಯಾಪ್‌ಟಾಪಿನ ಪಾಸ್‌ವರ್ಡ್, ಇವೆರಡು ಮಾತ್ರ ಕಾಗದದ ಮೇಲೂ ಇರಲಿ. ಡೈರಿಯ ವಿಷಯದಲ್ಲಿ ನಾನು ಒಪ್ಪಲ್ಲ. ಆನ್‌ಲೈನ್ ಕಳ್ಳ ನಿಮ್ಮ ಕಪಾಟಿಗೆ ಕೈ ಹಾಕಲಾರ. ಕಪಾಟಿಗೆ ಕೈ ಹಾಕುವ ಕಳ್ಳ ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಹೋಗುತ್ತಾನೆ, ಡೈರಿ ಓದುತ್ತಾ ಕೂರಲ್ಲ. ಲ್ಯಾಪ್‌ಟಾಪ್ ಚೀಲದಲ್ಲೇ ಡೈರಿ ಇಡಬೇಡಿ, ಅಷ್ಟೇ. ಮತ್ತೆ ಬರೆದರೆ ಪೂರ್ತಿ ಬರೆಯಿರಿ. ಒಗಟು ಬೇಡ.

ದೊಡ್ಡಕ್ಷರ, ಅಂಕಿ, ಚಿಹ್ನೆ ಸೇರಿಸಿ, ಆಗಾಗ ಬದಲಿಸಿ ಅಂತ ನಮ್ಮ ತಲೆಗೆ ತುಂಬಿದ ಸಲಹೆ 2003ರದು, ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ ಬರೆದದ್ದು. 2017ರಲ್ಲಿ ಅವರೇ ಅದರ ಬಗ್ಗೆ ವಿಷಾದ ಹೇಳಿಕೊಂಡರು. ಜನ ಹಳೆಯದರ ಕೊನೆಯ ಅಂಕಿ ಬದಲಿಸಿ ಕೈ ತೊಳೆದುಕೊಳ್ಳುತ್ತಾರೆ, ಉಪಯೋಗ ಏನು ಬಂತು? ಅದೇ ವರ್ಷ ನಿಸ್ಟ್ ಕೂಡ ಸುಮ್ಮಸುಮ್ಮನೆ ಬದಲಿಸಿ ಅನ್ನುವುದನ್ನು ಬಿಟ್ಟಿತು. ಈಗಿನ ಮಾತು ಉದ್ದದ ಬಗ್ಗೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಪದ ಸಾಲಾಗಿ ಇಡಿ. ಡೈಸ್‌ವೇರ್ ಅನ್ನುವ ವಿಧಾನದಲ್ಲಿ ದಾಳವನ್ನು ಐದೈದು ಸಲ ಹಾಕಿ 7776 ಪದಗಳ ಪಟ್ಟಿಯಿಂದ ಒಂದೊಂದು ಪದ ಆರಿಸುತ್ತಾರೆ. ಪದ ನಾವು ಆರಿಸಬಾರದು, ದಾಳ ಆರಿಸಬೇಕು. ನಾವು ಆರಿಸಿದರೆ ಹೂವೇ ಬರುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಸತ್ತ ನಂಬರ್ ತೆಗೆದು ಹೊಸದು ಹಾಕಿ. ಅಲ್ಲೇ ಸಾಧನಗಳ ಪುಟದಲ್ಲಿ ಬಿಟ್‌ಲಾಕರ್ ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಆ 48 ಅಂಕಿಗಳನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಸಮನಾಗಿ ಭಾಗ ಆಗುತ್ತದೆ. ತಪ್ಪು ಟೈಪ್ ಮಾಡಿದರೆ ಹಿಡಿಯಲಿ ಅಂತ ಹಾಗೆ ಮಾಡಿದ್ದಾರೆ.

ಸಂಜೆಮಲ್ಲಿಗೆ

ನಂಬರ್ ಬದಲಿಸಿದೆ. ಹೊಸ ಪಾಸ್‌ವರ್ಡಿಗೆ ಐದು ಕನ್ನಡ ಪದ, ನಿಘಂಟಿನಲ್ಲಿ ದಾಳ ಹಾಕಿ ಪುಟ ಆರಿಸಿ ತೆಗೆದದ್ದು. ಅದಕ್ಕೂ ಮೊದಲು ಡೈರಿಯ ಮೊದಲ ಪುಟದಲ್ಲಿ ನಿಯಮ ಬರೆದುಕೊಂಡೆ, ಪ್ರಕಾಶಕರು ನಮಗೆ ಕೊಡುತ್ತಾರಲ್ಲ, ಹಾಗೆ. ದೀರ್ಘಕ್ಕೆ ಯಾವಾಗಲೂ ಎರಡಕ್ಷರ. 'ತ'ಗೆ 'ಟಿ' ಮತ್ತು 'ಎಚ್', 'ಟ'ಗೆ ಬರೀ 'ಟಿ'. ಎಲ್ಲ ಚಿಕ್ಕಕ್ಷರ. ಒತ್ತಕ್ಷರ ಇರುವ ಪದ ಬಂದರೆ ದಾಳ ಮತ್ತೆ.

ರಿಕವರಿ ಕೀ ಇತ್ತು ಸರ್. ಎಂಟೂ ಗುಂಪು ಬರೆದುಕೊಂಡು, ಕ್ಯಾಲ್ಕುಲೇಟರ್ ಇಟ್ಟುಕೊಂಡು ಒಂದೊಂದನ್ನೂ 11ರಿಂದ ಭಾಗಿಸಿದೆ. ಐದನೆಯದು ಆಗಲಿಲ್ಲ. ಪರದೆಯಲ್ಲಿ 1 ಇದ್ದ ಕಡೆ 7 ಬರೆದಿದ್ದೆ. ಕೆಂಪು ಪೆನ್ನಿನಲ್ಲಿ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದ್ದೇನೆ.